ತಾತ ಆಡದ ಮಾತು

ಕುಂಯ್ ಅಂದಿತು ಮೈಕು, ಇದು ಎರಡನೇ ಸಲ, ಎಡಗಡೆಯ ಸ್ಪೀಕರಿನ ಮುಖ ವೇದಿಕೆಯ ಕಡೆಗೇ ತಿರುಗಿದ್ದರೆ ಅದು ಕೂಗದೆ ಇನ್ನೇನು ಮಾಡುತ್ತದೆ, ಎದ್ದು ಹೋಗಿ ಒಂದು ಗೇಣು ತಿರುಗಿಸಿ ಬಂದರೆ ಸಾಕು, ಕಾಲು ತಾನಾಗಿಯೇ ಏಳಲು ನೋಡುತ್ತದೆ — ಇವತ್ತು ನೀನು ಏನನ್ನೂ ಮುಟ್ಟಬಾರದಮ್ಮ, ಕೂತ್ಕೊಂಡು ಚಪ್ಪಾಳೆ ಇಸ್ಕೊಳ್ಳೋದಷ್ಟೇ ಇವತ್ತು ನಿನ್ನ ಕೆಲಸ, ಎಂದು ಬಾಗಿಲಲ್ಲೇ ಹೇಳಿಬಿಟ್ಟಿದ್ದಾರೆ ಕಂಪ್ಯೂಟರ್ ಸರ್, ಮೂರು ವರ್ಷ ಈ ಸಭಾಂಗಣದ ಒಂದೊಂದು ವೈರಿಗೂ ಟೇಪು ಸುತ್ತಿದವಳಿಗೆ ಇವತ್ತು ಮೊದಲ ಸಾಲಿನ ಕುರ್ಚಿ, ಇಸ್ತ್ರಿ ಮಾಡಿದ ಕಾಲರು ಕತ್ತಿಗೆ ಚುಚ್ಚುತ್ತದೆ, ಮಡಿಲಲ್ಲಿ ಚೀಲ, ಚೀಲದಲ್ಲಿ ಪೆಟ್ಟಿಗೆ, ಕೈಯಲ್ಲಿ ಮಡಚಿ ಮಡಚಿ ಮೆತ್ತಗಾದ ಕಾರ್ಯಕ್ರಮದ ಹಾಳೆ, ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಬೀಳ್ಕೊಡುಗೆ, ಒಂಬತ್ತನೆಯದು: ಮಾತಾಡುವ ಪೆಟ್ಟಿಗೆಯ ಪ್ರದರ್ಶನ, ಈಗ ನಡೆಯುತ್ತಿರುವುದು ಐದು, ಇನ್ನು ಮೂರು ಭಾಷಣ ಕಳೆದರೆ ನಾನು. ಪಕ್ಕದಲ್ಲಿ ಸುದ್ದಿ, ಆರನೇ ತರಗತಿಯಿಂದ ನನ್ನ ಪಕ್ಕದಲ್ಲೇ ಕೂತವಳು, ಶಾಲೆಯಲ್ಲಿ ಯಾವ ಬೆಕ್ಕು ಯಾವ ಗೋಡೆ ಹಾರಿದರೂ ಮೊದಲು ಗೊತ್ತಾಗುವುದು ಅವಳಿಗೆ, ಅದಕ್ಕೇ ಆ ಹೆಸರು, ಅವಳು ಮೊಣಕೈಯಲ್ಲಿ ತಿವಿಯುತ್ತಾಳೆ, ಹಿಂದೆ ತಿರುಗಿ ನೋಡೇ, ನಿಮ್ಮಪ್ಪ ಆಗಲೇ ಫೋನು ಎತ್ತಿ ಹಿಡ್ಕೊಂಡಿದಾರೆ, ಕೈ ನೋಯಲ್ವಾ ಅವರಿಗೆ, ಎಂದು. ತಿರುಗುವುದಿಲ್ಲ ನಾನು. ಪಾಲಕರ ಮೂರನೇ ಸಾಲು, ಕಂಬದ ಪಕ್ಕ, ತಿಳಿನೀಲಿ ಅಂಗಿ, ನೋಡದೆಯೂ ಗೊತ್ತು. ಎಲ್ಲರಿಗಿಂತ ಅಗಲವಾಗಿ ನಗುತ್ತಿರುತ್ತಾರೆ. ಊರಲ್ಲಿ ಎಲ್ಲ ಶಾಲೆಗಳಲ್ಲೂ ಅಪ್ಪಂದಿರು ಹೀಗೇ ನಗುತ್ತಾರೇನೋ, ಅವರಲ್ಲಿ ಎಷ್ಟು ಜನ ಮೊನ್ನೆ ತಮ್ಮ ಅಪ್ಪನ ಬಾಯನ್ನು ಕದ್ದಿದ್ದಾರೋ.

ಬಾಯಿ ಎಂದರೆ ಬಾಯಲ್ಲ, ದನಿ, ಅದನ್ನು ಪೆಟ್ಟಿಗೆಯೊಳಗೆ ಹಾಕಿದ್ದು ನಾನು, ಈ ಕೈಗಳು. ತಾತನಿಗೆ ಲಕ್ವ ಹೊಡೆದದ್ದು ಎರಡು ವರ್ಷದ ಹಿಂದೆ, ಅವರ ರಿಪೇರಿ ಅಂಗಡಿಯಲ್ಲೇ, ಯಾರದೋ ಟೇಬಲ್ ಫ್ಯಾನಿನ ಹೊಟ್ಟೆ ಬಿಚ್ಚಿಟ್ಟುಕೊಂಡು ಕೂತಿದ್ದಾಗ, ಸ್ಕ್ರೂ ಡ್ರೈವರು ಕೈಯಿಂದ ಜಾರಿತು, ನಾನು ಎತ್ತಿ ಕೊಟ್ಟೆ, ಮತ್ತೆ ಜಾರಿತು, ನಕ್ಕೆ, ಏನ್ ತಾತ ಕೈಗೆ ಎಣ್ಣೆ ಹಚ್ಕೊಂಡಿದೀರಾ ಎಂದು ನಕ್ಕೆ, ತಾತನ ಬಾಯಿಯ ಒಂದು ಬದಿ ಆಗಲೇ ಕೆಳಗಿಳಿದಿತ್ತು. ಬಲಗೈ ಹೋಯಿತು, ಬಲಗಾಲು ಅರ್ಧ ಬಂತು, ಮಾತು ಬರಲೇ ಇಲ್ಲ, ಒಳಗೆ ಎಲ್ಲ ಸರಿಯಿದೆ, ಕೇಳಿದ್ದೆಲ್ಲ ಅರ್ಥವಾಗುತ್ತದೆ, ಹೊರಗೆ ತರುವ ವೈರು ಮಾತ್ರ ಕಡಿದಿದೆ, ಎಂದರು ಡಾಕ್ಟರಮ್ಮ, ಅವರು ನನಗಾಗಿಯೇ ಹಾಗೆ ಹೇಳಿದರೇನೋ, ವೈರು ಎಂದ ಕೂಡಲೇ ನನಗೆ ಧೈರ್ಯ ಬಂತು, ಕಡಿದ ವೈರಿನ ವಿಷಯ ನನಗೆ ಗೊತ್ತು, ಅದನ್ನು ಕಲಿಸಿದವರೇ ತಾತ, ಎಂಟು ವರ್ಷದವಳಿದ್ದಾಗ ಅಂಗಡಿಯ ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ನೋಡು ಇಂಜಿನಿಯರಮ್ಮ, ಮೊದಲು ವಾಸನೆ ನೋಡು, ಸುಟ್ಟಿದ್ರೆ ಮೂಗಿಗೇ ಗೊತ್ತಾಗುತ್ತೆ, ಆಮೇಲೆ ಕಣ್ಣು, ಮೀಟರು ಕೊನೆಗೆ. ಇಂಜಿನಿಯರಮ್ಮ ಎಂದು ಕರೆಯುತ್ತಿದ್ದದ್ದು ಅವರೊಬ್ಬರೇ. ಅಟ್ಟದ ಮೇಲೆ ರಟ್ಟಿನ ಡಬ್ಬದಲ್ಲಿ ಕ್ಯಾಸೆಟ್ಟುಗಳು ಸಿಕ್ಕವು, ಹಾಡಿನವಲ್ಲ, ರಿಪೇರಿಯಾದ ಟೇಪ್ ರೆಕಾರ್ಡರು ಸರಿಯಾಯಿತೇ ಎಂದು ನೋಡಲು ತಾತ ತಮ್ಮದೇ ದನಿ ತುಂಬಿಸುತ್ತಿದ್ದ ಕ್ಯಾಸೆಟ್ಟುಗಳು, ಹಲೋ ಹಲೋ, ಒಂದು ಎರಡು ಮೂರು, ಇವತ್ತು ಸೋಮವಾರ, ಕರೆಂಟ್ ಹೋಯ್ತು, ಕರೆಂಟ್ ಬಂತು, ನೀರು ತಗೊಂಡ್ ಬಾ, ಗಿರಾಕಿ ಬಂದ್ರು, ಸುಮ್ಮನಿರಿ ಎಲ್ಲಾ — ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲಿನ ತಾತ, ಗಟ್ಟಿ ಗಂಟಲಿನ ತಾತ, ನಾನು ಕಂಡೇ ಇರದ ಆ ಮನುಷ್ಯನನ್ನು ಹೆಡ್‌ಫೋನು ಹಾಕಿಕೊಂಡು ರಜೆಯಿಡೀ ಕೇಳಿದೆ, ಮಾತುಗಳನ್ನು ಒಂದೊಂದಾಗಿ ಕತ್ತರಿಸಿದೆ, ಹಿಂದಿನ ಗೊರಗೊರ ಸದ್ದು ತೆಗೆದೆ, ಹದಿನಾರು ಗುಂಡಿ, ಒಂದು ಪುಟ್ಟ ಸ್ಪೀಕರು, ಕೆಟ್ಟುಹೋದ ಕೈರೇಡಿಯೋ ಒಂದರ ಖಾಲಿ ಚಿಪ್ಪು.

ಮೊದಲ ದಿನ ತಾತ ಎಡಗೈ ಹೆಬ್ಬೆರಳಿನಿಂದ ಒಂದು ಗುಂಡಿ ಒತ್ತಿದರು, ಗಿರಾಕಿ ಬಂದ್ರು ಎಂದಿತು ಪೆಟ್ಟಿಗೆ, ಅಮ್ಮ ಅಡುಗೆಮನೆಯಿಂದ ಓಡಿ ಬಂದಳು, ಕೈಯಲ್ಲಿ ಸೌಟು, ಕಣ್ಣಲ್ಲಿ ನೀರು, ಮಾವಯ್ಯನೋರ ದನಿ ಅಲ್ವಾ ಅದು, ತಾತ ನಕ್ಕರು, ಅರ್ಧ ಮುಖದಲ್ಲಿ, ಮತ್ತೆ ಒತ್ತಿದರು, ಗಿರಾಕಿ ಬಂದ್ರು ಗಿರಾಕಿ ಬಂದ್ರು. ಹಸಿವು ಎನ್ನುವ ಮಾತು ಯಾವ ಕ್ಯಾಸೆಟ್ಟಿನಲ್ಲೂ ಇರಲಿಲ್ಲ, ಅಂಗಡಿಯಲ್ಲಿ ಹಸಿವಾದರೆ ಯಾರು ಟೇಪಿಗೆ ಹೇಳುತ್ತಾರೆ, ಹಾಗಾಗಿ ಕರೆಂಟ್ ಹೋಯ್ತು ಎಂದರೆ ಹಸಿವು ಎಂದಾಯಿತು ನಮ್ಮ ಮನೆಯಲ್ಲಿ, ಸುಮ್ಮನಿರಿ ಎಲ್ಲಾ ಎಂದರೆ ಟೀವಿ ಸಣ್ಣದು ಮಾಡಿ ಎಂದು. ಒಪ್ಪಿಗೆಗೆ ಆಯ್ತು ಎಂಬುದು ಒಂದೇ ಕಡೆ ಸಿಕ್ಕಿತ್ತು, ಅತ್ತೆ ಚಿಕ್ಕವಳಿದ್ದಾಗ ಏನನ್ನೋ ಕೇಳುತ್ತಾಳೆ, ತಾತ ಆಯ್ತು ಮಗಳೇ ಎನ್ನುತ್ತಾರೆ, ಎರಡು ಪದ ಎಷ್ಟು ಅಂಟಿಕೊಂಡಿದ್ದವೆಂದರೆ ಕತ್ತರಿಸಲು ಬರಲಿಲ್ಲ, ಹಾಗೇ ಇಟ್ಟೆ, ಅದರಿಂದ ನನಗೂ ಆಯ್ತು ಮಗಳೇ, ಅಮ್ಮನಿಗೂ ಆಯ್ತು ಮಗಳೇ, ಅಪ್ಪ ಕ್ಷೌರ ಮಾಡಿಸೋಣ್ವಾ ಎಂದು ಕೇಳಿದರೆ ಅಪ್ಪನಿಗೂ ಆಯ್ತು ಮಗಳೇ, ನಾನೂ ಅಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು, ಅಪ್ಪನೂ ನಕ್ಕರು, ನಕ್ಕರು ಎಂದೇ ಅಂದುಕೊಂಡಿದ್ದೆ. ನನ್ನ ಹೆಸರು ಮಾತ್ರ ಪೆಟ್ಟಿಗೆಯಲ್ಲಿ ಇಲ್ಲ. ಇಂಜಿನಿಯರಮ್ಮ ಇಲ್ಲ. ಕ್ಯಾಸೆಟ್ಟಿನ ತಾತನಿಗೆ ನಾನು ಗೊತ್ತೇ ಇಲ್ಲವಲ್ಲ. ಅದಕ್ಕೆ ತಾತ ಒಂದು ಉಪಾಯ ಮಾಡಿದರು, ಬಾ ಎಂಬ ಗುಂಡಿಯನ್ನು ಎರಡು ಸಲ ಒತ್ತಿದರೆ ನಾನು, ಬಾ ಬಾ, ಒಂದೇ ಸಲವಾದರೆ ಅಮ್ಮ. ಅಂಗಡಿ ತೆಗಿ ಎನ್ನುವುದೂ ಒಂದು ಗುಂಡಿ, ಲಕ್ವ ಹೊಡೆದ ದಿನದಿಂದ ಅಂಗಡಿಗೆ ಬೀಗ, ದಿನಾ ಸಂಜೆ ಅಪ್ಪ ಬಸ್ ನಿಲ್ದಾಣದ ಕಚೇರಿಯಿಂದ ಬಂದು ಚಪ್ಪಲಿ ಬಿಡುವಾಗ ಅಂಗಡಿ ತೆಗಿ, ಅಪ್ಪ ಮುಂದಿನ ವಾರ ಎನ್ನುತ್ತಾರೆ, ಬಸ್ಸುಗಳ ವೇಳಾಪಟ್ಟಿ ಬರೆಯುವ ಗುಮಾಸ್ತ ನಮ್ಮಪ್ಪ, ಯಾವ ಬಸ್ಸು ಎಷ್ಟು ಗಂಟೆಗೆ ಎಂದು ಕಣ್ಣು ಮುಚ್ಚಿ ಹೇಳುತ್ತಾರೆ, ಆ ಮುಂದಿನ ವಾರ ಯಾವಾಗ ಎಂದು ಮಾತ್ರ ಹೇಳಲಿಲ್ಲ.

ಚಪ್ಪಾಳೆ. ಆರನೆಯದು ಶುರು, ಹಳೆಯ ವಿದ್ಯಾರ್ಥಿಯೊಬ್ಬರು ಕನ್ನಡಕ ಒರೆಸಿಕೊಂಡು ಜೀವನವೆಂಬ ಪ್ರಯಾಣ ಎನ್ನುತ್ತಿದ್ದಾರೆ, ಪ್ರಯಾಣ ಎಂದರೆ ನನಗೆ ಇರುವುದು ಒಂದೇ, ಹೋದ ವಾರದ್ದು, ಮನೆಯವರಿಲ್ಲದೆ ನಾನು ರೈಲು ಹತ್ತಿದ್ದೇ ಮೊದಲ ಸಲ, ಕಂಪ್ಯೂಟರ್ ಸರ್, ಸುದ್ದಿ, ನಾನು, ಶಾಲೆಗಳ ವಿಜ್ಞಾನ ಪ್ರದರ್ಶನಕ್ಕೆ ದೊಡ್ಡ ನಗರ, ಕಿಟಕಿಯಾಚೆ ಟವರುಗಳು ಒಂದೊಂದೇ ಹಿಂದಕ್ಕೆ ಓಡುತ್ತಿದ್ದವು, ನಾನು ಎಣಿಸಿದೆ, ಸುದ್ದಿ ಬೋಗಿಯಲ್ಲಿದ್ದ ಎಲ್ಲರ ಮನೆಕಥೆ ತಿಳಿದುಕೊಂಡಳು. ತಾತನ ಪೆಟ್ಟಿಗೆಯನ್ನು ಒಯ್ಯಲಿಲ್ಲ, ಮೂರು ದಿನ ಅವರನ್ನು ಮೂಕರನ್ನಾಗಿ ಬಿಡುವುದೇ, ಅದಕ್ಕೆ ಅಂಥದೇ ಇನ್ನೊಂದು ಮಾಡಿಕೊಂಡು ಹೋಗಿದ್ದೆ, ಅದಕ್ಕೇ ಎರಡನೇ ಬಹುಮಾನ ಬಂದದ್ದು, ಅದನ್ನು ಪ್ರದರ್ಶನದವರು ಅಲ್ಲೇ ಇಟ್ಟುಕೊಂಡರು. ನನ್ನ ಮೇಜಿನ ಹತ್ತಿರ ತುಂಬ ಹೊತ್ತು ನಿಂತವರು ತೀರ್ಪುಗಾರರಲ್ಲಿ ಒಬ್ಬ ಅಜ್ಜಿ, ಬೆಳ್ಳಿ ಕೂದಲು, ಕೈಯಲ್ಲಿ ಪೆನ್ಸಿಲು, ಎಲ್ಲ ಗುಂಡಿ ಒತ್ತಿ ಕೇಳಿದರು, ಚೆನ್ನಾಗಿದೆ ಮಗು, ಆದರೆ ಇದನ್ನ ನಿಮ್ಮ ತಾತನ ಬದಲು ಬೇರೆ ಯಾರಾದ್ರೂ ಒತ್ತಿದ್ರೆ, ಮಾತಾಡಿದ್ದು ಅವರೇ ಅಂತ ಕೇಳಿದೋರಿಗೆ ಹೇಗೆ ಗೊತ್ತಾಗಬೇಕು? ನಾನು ಎಷ್ಟು ಬೇಗ ಉತ್ತರ ಕೊಟ್ಟೆ, ಎಷ್ಟು ನಗುನಗುತ್ತಾ, ನಮ್ಮನೇಲಿ ಅಂಥೋರು ಯಾರೂ ಇಲ್ಲ ಮೇಡಂ. ಅವರು ಪೆನ್ಸಿಲಿನಿಂದ ಏನೋ ಗುರುತು ಹಾಕಿಕೊಂಡು ಮುಂದೆ ಹೋದರು. ಅದು ಮಂಗಳವಾರ, ಬೆಳಿಗ್ಗೆ, ಊಟದ ಗಂಟೆಗೆ ಇನ್ನೂ ಹೊತ್ತಿತ್ತು, ಹನ್ನೊಂದರ ಆಸುಪಾಸು, ಹನ್ನೊಂದು ಕಳೆದು ಕೆಲವು ನಿಮಿಷ — ಬೇಡ, ಈಗ ಅದನ್ನು ಹೊಂದಿಸಿ ನೋಡಬಾರದು.

ಆದರೆ ಆ ಅಜ್ಜಿಯ ಪ್ರಶ್ನೆ ವಾಪಸು ರೈಲಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬಂತು. ಬಹುಮಾನದ ಖುಷಿಯ ಮಧ್ಯೆ ಅದೊಂದು ಕಲ್ಲು, ಚಪ್ಪಲಿಯೊಳಗಿನ ಕಲ್ಲು. ಶುಕ್ರವಾರ ಮನೆಯಲ್ಲಿ ತಾತನ ಪೆಟ್ಟಿಗೆಗೆ ಕೇಬಲ್ ಚುಚ್ಚಿದೆ, ಯಾವ ಗುಂಡಿ ಯಾವಾಗ ಒತ್ತಿದ್ದು ಎಂದು ಅದು ತನ್ನಷ್ಟಕ್ಕೆ ಬರೆದಿಡುತ್ತದೆ, ದಿನ, ಗಂಟೆ, ನಿಮಿಷ, ಹೆಚ್ಚು ಬೇಕಾದ ಮಾತನ್ನು ಹೆಬ್ಬೆರಳಿಗೆ ಹತ್ತಿರ ತರೋಣ ಎಂದು ಮೊದಲೇ ಸೇರಿಸಿದ್ದ ನಾಲ್ಕು ಸಾಲಿನ ಕೋಡು, ಗುಟ್ಟೇನಲ್ಲ, ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ. ತಾತ ಒತ್ತುವ ರೀತಿ ನೋಡಿ ಕಲಿತು ಬೇರೆಯವರ ಬೆರಳನ್ನು ಗುರುತಿಸುವಂತೆ ಮಾಡಬಹುದೇ ಎಂದು ಯೋಚನೆ, ಅಷ್ಟೇ, ಸಂಶಯವಲ್ಲ, ದೇವರಾಣೆಗೂ ಸಂಶಯವಲ್ಲ. ಸಾಲುಗಳು ಓಡಿದವು, ನೀರು, ಬಾ, ಕರೆಂಟ್ ಹೋಯ್ತು, ಅಂಗಡಿ ತೆಗಿ, ಅಂಗಡಿ ತೆಗಿ, ಒಂದೇ ವಾರದಲ್ಲಿ ನಲವತ್ತೊಂದು ಸಲ ಅಂಗಡಿ ತೆಗಿ, ಆಮೇಲೆ ಮಂಗಳವಾರ, ಹನ್ನೊಂದು ಗಂಟೆ ಹನ್ನೆರಡು ನಿಮಿಷ, ಹೌದು. ಹನ್ನೆರಡು ನಿಮಿಷ, ಮತ್ತೆ ಹೌದು. ಹದಿನಾಲ್ಕು ನಿಮಿಷ, ಆಯ್ತು ಮಗಳೇ. ಹದಿನೈದು, ಆಯ್ತು ಮಗಳೇ. ಹದಿನೆಂಟು, ಹೋಗಿ ಬಾ. ಇಷ್ಟೇ. ಮಂಗಳವಾರ ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡೂವರೆ ತಾತ ಮನೆಯಲ್ಲಿ ಇರುವುದಿಲ್ಲ, ಅಮ್ಮ ಅವರನ್ನು ಕೈಕಾಲಿನ ವ್ಯಾಯಾಮಕ್ಕೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾಳೆ, ಪೆಟ್ಟಿಗೆಯನ್ನು ಒಯ್ಯುವುದಿಲ್ಲ, ಅಲ್ಲಿ ಬೀಳಿಸಿಬಿಟ್ಟರೆ ಎಂದು. ಖಾಲಿ ಮನೆಯಲ್ಲಿ ತಾತ ಮಾತಾಡಿದ್ದರು. ಗಡಿಯಾರ ತಪ್ಪಿರಬೇಕು ಎಂದುಕೊಂಡೆ, ಕೋಡಿನಲ್ಲಿ ತಪ್ಪಿರಬೇಕು, ನನ್ನದೇ ತಪ್ಪಿರಬೇಕು, ಮೂರು ಸಲ ಪರೀಕ್ಷಿಸಿದೆ, ಒಂದು ಸೆಕೆಂಡಿನ ವ್ಯತ್ಯಾಸವಿಲ್ಲ, ನನ್ನ ಕೆಲಸ ಅಷ್ಟು ಅಚ್ಚುಕಟ್ಟು. ಅಮ್ಮನನ್ನು ಕೇಳಿದೆ, ಮಂಗಳವಾರ ಅಪ್ಪ ಕಚೇರಿಗೆ ಹೋಗಿದ್ರಾ? ಇಲ್ಲ ಕಣೇ, ತಲೆನೋವು ಅಂತ ಮನೇಲೇ ಇದ್ರಲ್ಲ, ಯಾಕೆ?

ಯಾಕೆ ಎಂದು ಅಪ್ಪನೇ ಹೇಳಿದರು, ಮರುದಿನ, ಹಿತ್ತಿಲ ಮೆಟ್ಟಿಲ ಮೇಲೆ ಶೂಗೆ ಪಾಲಿಶ್ ಹಚ್ಚುತ್ತಾ ಕೂತಿದ್ದರು, ನಾನು ಸಾಲುಗಳನ್ನು ಬರೆದುಕೊಂಡಿದ್ದ ಚೀಟಿಯನ್ನು ಶೂ ಮೇಲೇ ಇಟ್ಟೆ. ಓದಿದರು. ಬ್ರಷ್ಷು ನಿಂತಿತು. ಅಂಗಡಿ ಕೊಟ್ಟಾಯ್ತು, ಎಂದರು, ಕನ್ನಡಕದ ಅಂಗಡಿಯವರಿಗೆ, ಬುಧವಾರ ಕೀ ಕೊಟ್ಟೆ. ತಾತ ಆಸ್ಪತ್ರೆಯಲ್ಲಿದ್ದಾಗಲೇ ಎಲ್ಲ ಕಾಗದಕ್ಕೆ ಸಹಿ ಹಾಕುವ ಅಧಿಕಾರ ಅಪ್ಪನಿಗೆ ಬಂದಿತ್ತು, ಆದರೆ ಅಂಗಡಿ ತಾತನ ಹೆಸರಿನಲ್ಲೂ ಅತ್ತೆಯ ಹೆಸರಿನಲ್ಲೂ ಇದೆ, ದೂರ ದೇಶದಲ್ಲಿರುವ ಅತ್ತೆ ಒಂದೇ ಮಾತು ಹಿಡಿದಿದ್ದಳು, ನಮ್ಮಪ್ಪ ತಾನೇ ಬಾಯಿಬಿಟ್ಟು ಒಪ್ಪಿಕೊಂಡ್ರೆ ಮಾತ್ರ ನಾನು ಸಹಿ ಹಾಕೋದು. ಹಾಗಾಗಿ ಫೋನು ಮಾಡಿ, ಪೆಟ್ಟಿಗೆಯನ್ನು ಫೋನಿನ ಪಕ್ಕ ಇಟ್ಟುಕೊಂಡು ಗುಂಡಿ ಒತ್ತಿದ್ದು, ಅವಳ ಸಹಿ ಅವತ್ತು ರಾತ್ರಿಯೇ ಇಮೇಲಿನಲ್ಲಿ ಬಂದಿತ್ತು. ನಿನಗೋಸ್ಕರ ಕಣೇ, ಮುಂದೆ ನಿನ್ನ ಓದು ಇದೆ, ಅದೇನು ಸುಮ್ಮನೆ ಆಗುತ್ತಾ, ಎಂದರು. ನನಗೋಸ್ಕರ ಅಂದ್ರೆ ನನ್ನ ಕೇಳ್ಬೇಕಿತ್ತು, ಎಂದೆ, ತಾತನ್ನ ಕೇಳ್ಬೇಕಿತ್ತು, ಕೇಳಿದ್ರೆ ಏನಾಗ್ತಿತ್ತು? ಬೇಡ ಅಂತಿದ್ರು, ಎಂದರು ಅಪ್ಪ, ಇನ್ನೇನು ಅಂತಿದ್ರು. ಆಮೇಲೆ ಬ್ರಷ್ಷು ಕೆಳಗಿಟ್ಟು, ನನ್ನನ್ನು ನೋಡದೆ, ಶೂ ನೋಡುತ್ತಾ — ಆ ಪೆಟ್ಟಿಗೇಲಿರೋ ಬೇಡ ಅನ್ನೋದನ್ನ ಎಲ್ಲಿಂದ ಕತ್ತರಿಸಿದೆ ನೆನಪಿದ್ಯಾ ನಿಂಗೆ? ನೆನಪಿದೆ, ಏಳನೇ ಕ್ಯಾಸೆಟ್ಟು, ಒಬ್ಬ ಹುಡುಗ ಕೇಳುತ್ತಾನೆ, ಅಪ್ಪಾ ಎಲ್ಲಾರೂ ಆಡ್ತಿದಾರೆ, ನಾನೂ ಹೋಗ್ಲಾ, ತಾತ ಎನ್ನುತ್ತಾರೆ, ಬೇಡ, ಕೂತ್ಕೋ, ಹುಡುಗನ ದನಿಯನ್ನು ನಾನು ಗೊರಗೊರ ಸದ್ದಿನ ಜೊತೆ ಅಳಿಸಿ ಹಾಕಿದ್ದೆ. ಅದು ನಾನು, ಎಂದರು ಅಪ್ಪ, ಹತ್ತು ವರ್ಷ ನಂಗೆ, ಕಾಲೇಜು ಮುಗಿಯೋವರ್ಗೂ ದಿನಾ ಸಂಜೆ ಆ ಸ್ಟೂಲ್ ಮೇಲೆ ಕೂತಿದೀನಿ, ನಿನ್ನ ಹದಿನಾರು ಗುಂಡೀಲಿ ನಂಗೆ ಅಂತ ಹೇಳಿರೋ ಮಾತು ಅದೊಂದೇ, ಆಯ್ತು ಅಂದ್ರೂ ಅದು ಮಗಳಿಗೆ, ನೀವಿಬ್ರೂ ನಗ್ತೀರಿ. ಅವರ ಕಿವಿ ಕೆಂಪಾಗಿತ್ತು. ಒಂದು ಗಳಿಗೆ ನನ್ನ ಸಿಟ್ಟಿಗೆ ನಿಲ್ಲಲು ನೆಲವೇ ಇಲ್ಲದಂತಾಯಿತು, ಆ ಹುಡುಗನನ್ನು ಅಳಿಸಿದವಳು ನಾನೇ ತಾನೇ, ಆದರೆ ಆಗಲೇ ಅವರು ಇನ್ನೊಂದು ಮಾತು ಸೇರಿಸಿದರು, ಮೆಲ್ಲಗೆ, ಉಪಾಯ ಹೇಳಿಕೊಡುವ ದನಿಯಲ್ಲಿ, ತಾತನಿಗೆ ಹೇಳ್ಬೇಡ, ಅವರು ಹೇಗೂ ಅಲ್ಲಿವರೆಗೆ ನಡ್ಕೊಂಡು ಹೋಗೋ ಹಾಗಿಲ್ಲ, ಅಂಗಡಿ ಇದೆ ಅಂದ್ಕೊಂಡೇ ಇರ್ಲಿ ಬಿಡು. ಅಂಗಡಿ ತೆಗಿ, ಮುಂದಿನ ವಾರ. ಅಂಗಡಿ ತೆಗಿ, ಮುಂದಿನ ವಾರ. ಕೊನೆಯವರೆಗೆ ಹೀಗೇ ಎಂದು ಲೆಕ್ಕ ಹಾಕಿಟ್ಟಿದ್ದಾರೆ, ವೇಳಾಪಟ್ಟಿಯ ಹಾಗೆ. ಆ ಹತ್ತು ವರ್ಷದ ಹುಡುಗನ ಮೇಲೆ ಬಂದ ಮರುಕ ಅಲ್ಲೇ ಒಣಗಿತು.

ಅತ್ತೆಗೆ ಫೋನು ಮಾಡಿದೆ ಭಾನುವಾರ, ರಜೆಯಿದ್ದ ಶಾಲೆಯ ಹಿಂದಿನ ಸೈಕಲ್ ನಿಲ್ಲಿಸುವ ಕಡೆ ನಿಂತುಕೊಂಡು, ನಾನು ಬಾಯಿ ಬಿಡುವ ಮೊದಲೇ ಅವಳು ಶುರುಮಾಡಿದಳು, ನಿನ್ನ ಕೈಗೆ ಬಂಗಾರದ ಬಳೆ ಹಾಕ್ಬೇಕು ಕಣೇ ಹುಡುಗಿ, ಎರಡು ವರ್ಷ ಆಗಿತ್ತು ಅಪ್ಪನ ದನಿ ಕೇಳಿ, ಆಯ್ತು ಮಗಳೇ ಅಂದ್ರು, ನಾನು ಅತ್ತುಬಿಟ್ಟೆ, ಮತ್ತೆ ಹೇಳಪ್ಪ ಅಂದೆ, ಮತ್ತೆ ಅಂದ್ರು, ಹೋಗಿ ಬಾ ಅಂದ್ರು, ನಾನು ಸಿನಿಮಾಕ್ಕೆ ಹೋಗುವಾಗ ಅಂತಿದ್ರಲ್ಲ, ಹಾಗೇ. ಅತ್ತೆ, ಅದು ತಾತ ಅಲ್ಲ, ಎಂದೆ. ಏನು ಅಲ್ಲ? ತಾತ ಆಗ ಮನೇಲೇ ಇರ್ಲಿಲ್ಲ ಅತ್ತೆ, ಅಮ್ಮನ ಜೊತೆ ಆಸ್ಪತ್ರೇಲಿದ್ರು, ಗುಂಡಿ ಒತ್ತಿದ್ದು ಅಪ್ಪ. ಆ ಕಡೆ ಎಲ್ಲೋ ನಲ್ಲಿ ಸುರಿಯುತ್ತಿತ್ತು, ನಿಂತಿತು. ನನ್ನಪ್ಪನ ದನಿ ನಂಗೆ ಗೊತ್ತಾಗಲ್ವಾ, ಎಂದಳು ಅತ್ತೆ, ನೀನು ಹುಟ್ಟೋಕೆ ಮುಂಚಿಂದ ಕೇಳಿದೀನಿ. ದನಿ ಅವರದೇ ಅತ್ತೆ, ಮಾತು ಅವರದಲ್ಲ. ಆಮೇಲೆ ಬೇರೆಯದೇ ಒಂದು ದನಿ, ತಣ್ಣಗಿನದು, ಸಹಿ ಹಾಕಿ ಆಗಿದೆ, ಈಗ ಯಾಕೆ ಹೇಳ್ತೀಯ ನಂಗೆ ಇದನ್ನ, ಹೇಳ್ಬೇಡ ಕಣೇ, ಅದೊಂದನ್ನಾದ್ರೂ ನನ್ನ ಹತ್ರ ಇರೋಕೆ ಬಿಡು, ಅಲ್ಲಿಗೆ ಫೋನು ಕಟ್ಟಾಯಿತು. ಅಮ್ಮನಿಗೂ ಹೇಳಿದೆ, ಅಮ್ಮ ಗೋಡೆಗೆ ಒರಗಿ ನಿಂತಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು ಬಿಚ್ಚಿದಳು, ಕೊನೆಗೆ ಎಂದಳು, ನಿನ್ನ ಶಾಲೆ ಕಾರ್ಯಕ್ರಮ ಒಂದು ಮುಗೀಲಿ, ಎಲ್ಲ ಆಮೇಲೆ ಮಾತಾಡೋಣ. ಎಲ್ಲರೂ ಮಾತಾಡಬಲ್ಲವರು, ಎಲ್ಲರಿಗೂ ನಾಲಿಗೆ ಇದೆ, ಒಬ್ಬರೂ ಮಾತಾಡುವುದಿಲ್ಲ.

ಎಂಟನೆಯದೂ ಮುಗಿಯಿತು, ಮುಖ್ಯೋಪಾಧ್ಯಾಯಿನಿ ಮೈಕಿನ ಹತ್ತಿರ ಬರುತ್ತಿದ್ದಾರೆ, ಸುದ್ದಿ ನನ್ನ ಕೈ ಹಿಸುಕುತ್ತಾಳೆ, ನಮ್ಮ ಶಾಲೆಯ ಹೆಮ್ಮೆ, ಮಾತು ಕಳೆದುಕೊಂಡ ತಾತನಿಗೆ ಮಾತು ಕೊಟ್ಟ ಮೊಮ್ಮಗಳು, ಎದ್ದೆ, ಮೆಟ್ಟಿಲು ನಾಲ್ಕು, ದೀಪ ಕಣ್ಣಿಗೆ ಹೊಡೆಯುತ್ತದೆ — ಇವತ್ತು ಬೆಳಿಗ್ಗೆ ಅಮ್ಮ ಸ್ನಾನಕ್ಕೆ ಹೋಗಿದ್ದಾಗ, ಅಪ್ಪ ಹೊರಗೆ ಸ್ಕೂಟರು ಒರೆಸುತ್ತಿದ್ದಾಗ, ತಿಂಡಿಯ ಮೇಜಿನಲ್ಲಿ ತಾತನ ಎದುರು ಕೂತು ಎಲ್ಲ ಹೇಳಿಬಿಟ್ಟೆ, ಸಣ್ಣ ದನಿಯಲ್ಲಿ, ಮಂಗಳವಾರ, ಅತ್ತೆ, ಕನ್ನಡಕದ ಅಂಗಡಿ, ಕೀ, ಒಂದನ್ನೂ ಬಿಡಲಿಲ್ಲ, ಅಂಗಡಿ ಇಲ್ಲ ತಾತ, ಕೊಟ್ಟುಬಿಟ್ಟಿದಾರೆ. ತಾತ ಅಳಲಿಲ್ಲ. ಸಿಟ್ಟಿನಿಂದ ಮೇಜು ಗುದ್ದಲಿಲ್ಲ. ತಟ್ಟೆಯನ್ನು ಸರಿಸಿ ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡರು, ಈಗ ಏನೋ ಹೇಳುತ್ತಾರೆ ಎಂದು ನಾನು ಕಾದೆ, ಅವರು ಅದನ್ನು ಬೋರಲು ಹಾಕಿದರು, ಎಡಗೈ ಹೆಬ್ಬೆರಳಿನ ಉಗುರನ್ನು ಹಿಂದಿನ ಮುಚ್ಚಳದ ಸಂದಿಗೆ ಕೊಟ್ಟು, ಅರವತ್ತು ವರ್ಷ ಅದನ್ನೇ ಮಾಡಿದ ಉಗುರು, ಒಂದೇ ಏಟಿಗೆ ತೆಗೆದರು, ಒಂದು ಸೆಲ್ಲು ಎಬ್ಬಿಸಿದರು, ಇನ್ನೊಂದು ಎಬ್ಬಿಸಿದರು, ಎರಡನ್ನೂ ತಟ್ಟೆಯ ಪಕ್ಕ ನೆಟ್ಟಗೆ ನಿಲ್ಲಿಸಿದರು, ಮುಚ್ಚಳ ಮತ್ತೆ ಹಾಕಿದರು, ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದರು, ಅಪ್ಪನ ಕುರ್ಚಿಯ ಕಡೆಗಲ್ಲ, ನನ್ನ ಕಡೆ. ಒಂದು ಮಾತು ಆಡಿಸಿ ತೋರಿಸಮ್ಮ, ಎನ್ನುತ್ತಿದ್ದಾರೆ ಮುಖ್ಯೋಪಾಧ್ಯಾಯಿನಿ, ತಾತ ತಳ್ಳಿದ ಆ ಪೆಟ್ಟಿಗೆ ನನ್ನ ಕೈಯಲ್ಲಿದೆ, ಮೈಕು ಮುಂದಿದೆ, ಸಭೆ ಕತ್ತು ಚಾಚಿದೆ, ಹೆಬ್ಬೆರಳು ಯಾವುದೋ ಗುಂಡಿಯ ಮೇಲೆ ಒತ್ತಿತು, ಏನಿಲ್ಲ, ಮತ್ತೆ ಒತ್ತಿತು, ಏನಿಲ್ಲ, ಹಿಂದಿನಿಂದ ಯಾರೋ ಕಿಸಕ್ಕೆಂದರು, ಕಂಪ್ಯೂಟರ್ ಸರ್ ಪರದೆಯ ಪಕ್ಕದಿಂದ ಓಡಿ ಬರುತ್ತಿದ್ದಾರೆ, ಸೆಲ್ ಮುಗಿದಿರಬೇಕು, ತಗೋ ತಗೋ, ರಿಮೋಟಿಂದು ತೆಗೆದೆ, ಅವರ ಅಂಗೈಯಲ್ಲಿ ಎರಡು ಸೆಲ್ಲು, ಬೇಡ ಸರ್, ಎಂದೆ, ಮೈಕು ಅದನ್ನು ಹಿಡಿದು ಇಡೀ ಸಭಾಂಗಣಕ್ಕೆ ಕೊಟ್ಟಿತು, ಇದು ಇನ್ನು ಮಾತಾಡಲ್ಲ ಮೇಡಂ, ನಮ್ಮ ತಾತನೇ ಬೇಡ ಅಂದ್ರು, ಬೇರೆಯವರು ಒತ್ತಿದ್ರು ಅಂತ. ಮೂರನೇ ಸಾಲಿನಲ್ಲಿ, ಕಂಬದ ಪಕ್ಕ, ಎತ್ತಿ ಹಿಡಿದ ಫೋನು ನಿಧಾನಕ್ಕೆ ಇಳಿಯುತ್ತದೆ, ಅದರ ಹಿಂದೆ ಅಪ್ಪನ ಮುಖ, ಆ ಮುಖದಲ್ಲಿ ನಗು ಇದೆಯೋ ಇಲ್ಲವೋ, ದೀಪದ ಬೆಳಕಿಗೆ ಏನೂ ಕಾಣುವುದಿಲ್ಲ ನನಗೆ, ಕಾಣುವುದು ತಟ್ಟೆ, ಅರ್ಧ ತಿಂದ ಬ್ರೆಡ್ಡು, ಅದರ ಪಕ್ಕ ಎರಡು ಸೆಲ್ಲು, ತಾತ ಒಂದನ್ನು ಬೆರಳ ತುದಿಯಿಂದ ಸ್ವಲ್ಪ ಸರಿಸಿ ಇನ್ನೊಂದಕ್ಕೆ ಸಮ ಮಾಡಿದ್ದರು, ಅಲುಗದ ಹಾಗೆ, ಎರಡು ಸೆಲ್ಲು, ತಟ್ಟೆಯ ಪಕ್ಕ, ನೆಟ್ಟಗೆ, ಎರಡು ಸೆಲ್ಲು